ತುಟಿಯ ಅರ್ಬುದ: ತೆಗೆದ ತುಟಿಯನ್ನು ಮರಳಿ ಕಟ್ಟುವ ಶಸ್ತ್ರಚಿಕಿತ್ಸೆ

ಪ, ಫ, ಬ, ಭ, ಮ ಎಂಬ ಐದು ಅಕ್ಷರಗಳನ್ನು ನಮ್ಮ ವ್ಯಾಕರಣವು ಓಷ್ಠ್ಯಗಳೆಂದು ಕರೆಯುತ್ತದೆ. ಎರಡು ತುಟಿಗಳು ಪರಸ್ಪರ ತಾಗದೆ ಇವು ಹುಟ್ಟುವುದಿಲ್ಲ. ಉಕಾರ, ಒಕಾರಗಳಿಗೆ ತುಟಿಗಳು ದುಂಡಗಾಗಬೇಕು. ಅಮ್ಮ, ಅಪ್ಪ ಎಂಬ ಮೊದಲ ಮಾತುಗಳಿಗೂ ತುಟಿಯೇ ಆಧಾರ. ಆದುದರಿಂದ ಅರ್ಬುದ, ಅಂದರೆ ಕ್ಯಾನ್ಸರ್ ತಗುಲಿದ ತುಟಿಯ ಒಂದು ಭಾಗವನ್ನು ಕತ್ತರಿಸಿ ತೆಗೆಯಬೇಕೆಂದು ವೈದ್ಯರು ಹೇಳಿದಾಗ ಮನೆಮಂದಿ ಬೆದರುವುದು ಸಹಜ. ಮುಖ ವಿಕಾರಗೊಳ್ಳುವುದು, ಮಾತು ನಿಂತುಹೋಗುವುದು ಎಂಬ ಅಂಜಿಕೆಯಿಂದ ಚಿಕಿತ್ಸೆಯನ್ನು ಮುಂದೂಡುವವರೂ ಇದ್ದಾರೆ. ಆದರೆ ಬೇಗ ಹೋದವರ ತುಟಿಯನ್ನು ಉಳಿದ ತುಟಿಯಿಂದಲೇ ಸರಿಪಡಿಸಬಹುದು. ತಡವಾದಷ್ಟೂ ಆ ಅವಕಾಶ ಕಿರಿದಾಗುತ್ತದೆ. ಈ ಒಂದು ಸಂಗತಿಯನ್ನು ನಮ್ಮ ಕುಟುಂಬಗಳಿಗೆ ಮನಗಾಣಿಸುವುದೇ ಈ ಲೇಖನದ ಉದ್ದೇಶ.

ರೋಗದ ಕಾರಣ ಮತ್ತು ಲಕ್ಷಣ

ಬಿಳಿಯ ಚರ್ಮದ ಜನರಿರುವ ದೇಶಗಳಲ್ಲಿ ತುಟಿಯ ಅರ್ಬುದಕ್ಕೆ ಪ್ರಖರ ಬಿಸಿಲು ಮುಖ್ಯ ಕಾರಣ. ನಮ್ಮಲ್ಲಿ ತಂಬಾಕಿನ ಪಾಲು ದೊಡ್ಡದು. ಕಾಸರಗೋಡಿನ ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪಾಗಲಿ, ಸೊಲ್ಲಾಪುರ, ಜತ್ತ ಕಡೆಯ ಮಾವಾ ಮತ್ತು ಮಿಶ್ರಿಯಾಗಲಿ, ಎಲ್ಲೆಡೆ ಸಿಗುವ ಗುಟ್ಕಾ, ಬೀಡಿಗಳಾಗಲಿ ಬಾಯಿಯ ಒಳಪೊರೆಯನ್ನು ವರ್ಷಗಟ್ಟಲೆ ಕೆರಳಿಸುತ್ತವೆ. ನಮ್ಮ ದೇಶದಲ್ಲಿ ಕೆನ್ನೆಯ ಒಳಬದಿ ಮತ್ತು ಒಸಡಿನ ಅರ್ಬುದವೇ ಹೆಚ್ಚು. ತುಟಿಯದು ಅದಕ್ಕಿಂತ ಕಡಿಮೆ. ಆದರೆ ತುಟಿಯ ರೋಗ ಕಣ್ಣಿಗೆ ಕಾಣುವ ಜಾಗದಲ್ಲೇ ಹುಟ್ಟುವುದರಿಂದ ಅದನ್ನು ಬೇಗ ಗುರುತಿಸಬಹುದು. ಎರಡು ಮೂರು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಟ್ಟಿಯಾದ ಗಂಟು, ಸುಮ್ಮನೆ ರಕ್ತ ಒಸರುವುದು – ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ತೋರಿಸಬೇಕು. ನೋವಿಲ್ಲವೆಂದು ಕಡೆಗಣಿಸಬಾರದು, ಆರಂಭದಲ್ಲಿ ನೋವು ಇರದಿರುವುದೂ ಉಂಟು.

ಹುಣ್ಣಿನ ಒಂದು ಸಣ್ಣ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಯೇ ಬಯಾಪ್ಸಿ. ಇದರಿಂದ ರೋಗ ಹರಡುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಬೇರೂರಿದೆ. ಅದು ಸರಿಯಲ್ಲ. ಈ ಪರೀಕ್ಷೆಯಿಲ್ಲದೆ ಚಿಕಿತ್ಸೆಯನ್ನು ನಿರ್ಧರಿಸಲಾಗದು.

ತುಟಿ ಎಂದರೆ ಬರಿಯ ಚರ್ಮವಲ್ಲ

ತುಟಿಗೆ ಮೂರು ಪದರಗಳಿವೆ: ಹೊರಗೆ ಚರ್ಮ, ಒಳಗೆ ಒದ್ದೆಯಾದ ಲೋಳೆಪೊರೆ, ನಡುವೆ ಬಾಯಿಯನ್ನು ಬಳೆಯಂತೆ ಸುತ್ತುವರಿದ ಸ್ನಾಯು. ಸೀಟಿ ಊದುವುದು, ನೀರು ಹೀರುವುದು, ಗಂಜಿ ಚೆಲ್ಲದಂತೆ ಹಿಡಿಯುವುದು ಈ ಸ್ನಾಯುವಿನ ಕೆಲಸ. ಕೆಳತುಟಿಯು ಬಾಯಿಗೆ ಕಟ್ಟಿದ ಒಡ್ಡಿನಂತಿದೆ; ಒಡ್ಡು ತಗ್ಗಿದರೆ ಜೊಲ್ಲು ಸುರಿಯುತ್ತದೆ. ಆದುದರಿಂದ ಪುನಾರಚನೆ ಎಂದರೆ ತೂತನ್ನು ಮುಚ್ಚುವುದಷ್ಟೇ ಅಲ್ಲ. ಸ್ನಾಯುವಿನ ಬಳೆಯನ್ನು ಸಾಧ್ಯವಾದಷ್ಟು ಮತ್ತೆ ಕೂಡಿಸಬೇಕು. ಕೆಂಪು ತುಟಿ ಮತ್ತು ಚರ್ಮ ಸೇರುವ ಗೆರೆಯನ್ನೂ ಸರಿಯಾಗಿ ಹೊಂದಿಸಬೇಕು. ಆ ಗೆರೆ ಒಂದು ಮಿಲಿಮೀಟರ್ ತಪ್ಪಿದರೂ ನೋಡುವವರ ಕಣ್ಣಿಗೆ ಕಾಣುತ್ತದೆ.

ಮೂರನೇ ಒಂದರ ಲೆಕ್ಕ

ರೋಗದ ಗಂಟಿನ ಜೊತೆಗೆ ಅದರ ಸುತ್ತಲಿನ ಆರೋಗ್ಯವಂತ ಅಂಗಾಂಶವನ್ನೂ ಸಾಮಾನ್ಯವಾಗಿ ಅರ್ಧದಿಂದ ಒಂದು ಸೆಂಟಿಮೀಟರಿನಷ್ಟು ತೆಗೆಯುತ್ತಾರೆ. ಹೀಗಾಗಿ 1 ಸೆಂಟಿಮೀಟರ್ ಅಗಲದ ಗಂಟನ್ನು ತೆಗೆದಾಗ 2ರಿಂದ 3 ಸೆಂಟಿಮೀಟರ್ ತೆರವಾಗುತ್ತದೆ. ಈ ತೆರವು ತುಟಿಯ ಎಷ್ಟನೇ ಭಾಗ ಎಂಬುದರ ಮೇಲೆ ಮುಂದಿನ ವಿಧಾನ ನಿಂತಿದೆ.

ಮೂರನೇ ಒಂದು ಭಾಗದೊಳಗಿದ್ದರೆ ಎರಡು ಅಂಚುಗಳನ್ನು ನೇರವಾಗಿ ಎಳೆದು, ಮೂರೂ ಪದರಗಳನ್ನು ಬೇರೆಬೇರೆಯಾಗಿ ಹೊಲಿಯುತ್ತಾರೆ. ತುಟಿಗೆ ಹಿಗ್ಗುವ ಗುಣವಿರುವುದರಿಂದ ಇದು ಸಾಧ್ಯ. ಕೆಲವು ತಿಂಗಳು ಕಳೆದ ಮೇಲೆ ಸಣ್ಣ ಗೆರೆಯೊಂದು ಉಳಿಯುತ್ತದೆ, ಅಷ್ಟೇ.

ಮೂರನೇ ಒಂದರಿಂದ ಮೂರನೇ ಎರಡರವರೆಗೆ ತೆರವಾದರೆ ಪಕ್ಕದ ಅಥವಾ ಎದುರಿನ ತುಟಿಯಿಂದ ಸಾಲ ಪಡೆಯಬೇಕಾಗುತ್ತದೆ. ಫಿನ್ಲೆಂಡಿನ ಎಸ್ಟ್ಲಾಂಡರ್ 1872ರಲ್ಲಿ ಬಾಯಿಯ ಮೂಲೆಗೆ, ನ್ಯೂಯಾರ್ಕಿನ ರಾಬರ್ಟ್ ಅಬ್ಬೆ 1898ರಲ್ಲಿ ತುಟಿಯ ನಡುಭಾಗಕ್ಕೆ ಇಂತಹ ವಿಧಾನಗಳನ್ನು ಪ್ರಕಟಿಸಿದರು. ಅಬ್ಬೆಯ ವಿಧಾನದಲ್ಲಿ ಎದುರಿನ ತುಟಿಯಿಂದ ತ್ರಿಕೋನಾಕಾರದ ಒಂದು ತುಂಡನ್ನು, ಅದಕ್ಕೆ ರಕ್ತ ಒಯ್ಯುವ ಧಮನಿಯನ್ನು ಕಡಿಯದೆ, ತಿರುಗಿಸಿ ತೆರವಿನಲ್ಲಿ ಕೂರಿಸುತ್ತಾರೆ. ಎರಡು ತುಟಿಗಳ ನಡುವೆ ಸೇತುವೆಯೊಂದು ಎರಡು ಮೂರು ವಾರ ಇರುತ್ತದೆ. ಅಲ್ಲಿಯವರೆಗೆ ಬಾಯಿಯ ಪಕ್ಕದಿಂದ ದ್ರವ ಆಹಾರ. ತುಂಡು ಹೊಸ ಜಾಗದಲ್ಲಿ ರಕ್ತಸಂಚಾರ ಪಡೆದ ಮೇಲೆ ಸೇತುವೆಯನ್ನು ಬೇರ್ಪಡಿಸುತ್ತಾರೆ. 1974ರಲ್ಲಿ ಕಾರಾಪಾಂಜಿಚ್ ಎಂಬ ಶಸ್ತ್ರವೈದ್ಯರು ಪ್ರಕಟಿಸಿದ ವಿಧಾನದಲ್ಲಿ ಉಳಿದ ತುಟಿಯನ್ನೇ ನರ ಮತ್ತು ರಕ್ತನಾಳಗಳ ಸಮೇತ ಸರಿಸಿ ಮತ್ತೆ ಬಳೆಯಾಗಿ ಕೂಡಿಸುತ್ತಾರೆ. ಸ್ಪರ್ಶಜ್ಞಾನ ಮತ್ತು ಚಲನೆ ಉಳಿಯುವುದು ಇದರ ಹೆಚ್ಚುಗಾರಿಕೆ. ಬಾಯಿ ಚಿಕ್ಕದಾಗುವುದು ಇದರ ಕೊರತೆ. ಹಲ್ಲಿನ ಸೆಟ್ ಹಾಕುವ ಹಿರಿಯರಿಗೆ ಇದರಿಂದ ತೊಂದರೆಯಾಗಬಹುದು.

ಇನ್ನೂ ಹೆಚ್ಚು ಹೋದರೆ ಕೆನ್ನೆಯ ಚರ್ಮವನ್ನು ಸರಿಸಬೇಕು, ಇಲ್ಲವೇ ಮುಂಗೈಯ ಚರ್ಮವನ್ನು ರಕ್ತನಾಳದ ಸಮೇತ ತಂದು, ಆ ನಾಳವನ್ನು ಸೂಕ್ಷ್ಮದರ್ಶಕದ ಸಹಾಯದಿಂದ ಕತ್ತಿನ ನಾಳಕ್ಕೆ ಜೋಡಿಸಬೇಕು. ಇಳಿಬೀಳದಂತೆ ಮುಂಗೈಯ ತೆಳು ಸ್ನಾಯುರಜ್ಜುವೊಂದನ್ನು ಒಳಗೆ ತೊಟ್ಟಿಲ ಹಗ್ಗದಂತೆ ಕಟ್ಟುವುದೂ ಉಂಟು. ಇದು ಬಾಯಿಯನ್ನು ಮುಚ್ಚುತ್ತದೆ, ಆಹಾರವನ್ನು ತಡೆಯುತ್ತದೆ. ಆದರೆ ಹುಟ್ಟು ತುಟಿಯಂತೆ ತಾನಾಗಿ ಆಡುವುದಿಲ್ಲ. ತಡಮಾಡಿದ್ದಕ್ಕೆ ತೆರುವ ಬೆಲೆ ಇಲ್ಲಿ ಸ್ಪಷ್ಟವಾಗುತ್ತದೆ.

ಅಗತ್ಯವಿದ್ದರೆ ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ ತೆಗೆಯುತ್ತಾರೆ. ಕೆಲವರಿಗೆ ಆಮೇಲೆ ವಿಕಿರಣ ಚಿಕಿತ್ಸೆಯೂ ಬೇಕಾಗುತ್ತದೆ. ಚಿಕಿತ್ಸೆಯ ನಂತರವೂ ತಂಬಾಕು ಮುಂದುವರಿಸಿದರೆ ಗಾಯ ಸರಿಯಾಗಿ ಮಾಯುವುದಿಲ್ಲ. ಹೊಸ ಅರ್ಬುದ ಹುಟ್ಟುವ ಅಪಾಯವೂ ಉಳಿಯುತ್ತದೆ.

ಗಡಿನಾಡಿನ ಕನ್ನಡಿಗರು ಗಮನಿಸಬೇಕಾದುದು

ನಮ್ಮ ಊರುಗಳಿಂದ ಅರ್ಬುದ ಆಸ್ಪತ್ರೆಗಳು ಸಿಗದಷ್ಟು ದೂರವೇನಲ್ಲ. ಕಾಸರಗೋಡು, ವಯನಾಡಿನವರಿಗೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್, ಸೊಲ್ಲಾಪುರ ಜಿಲ್ಲೆಯವರಿಗೆ ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಆಸ್ಪತ್ರೆ, ಹೊಸೂರು ಹಾಗೂ ಮಡಕಶಿರಾ ಕಡೆಯವರಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇವೆ. ಆದರೆ ಸರಕಾರಿ ವಿಮೆಯ ಸೌಲಭ್ಯವು ರೇಶನ್ ಕಾರ್ಡು ಯಾವ ರಾಜ್ಯದ್ದು ಎಂಬುದನ್ನು ಅವಲಂಬಿಸಿರುತ್ತದೆ. ಆಯುಷ್ಮಾನ್ ಭಾರತ್ ಪಟ್ಟಿಯಲ್ಲಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಹೊರರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ದೊರೆಯಬಲ್ಲದು. ರಾಜ್ಯದ ಯೋಜನೆಯ ಕಾರ್ಡು ಮಾತ್ರ ಇದ್ದರೆ ಗಡಿ ದಾಟುವ ಮೊದಲೇ ಆಸ್ಪತ್ರೆಯ ವಿಮಾ ವಿಭಾಗದಲ್ಲಿ ವಿಚಾರಿಸಿರಿ. ಗಂಟು ತೆಗೆಯುವುದಕ್ಕೆ ಮಾತ್ರವೋ, ಪುನಾರಚನೆಗೂ ಸೌಲಭ್ಯವಿದೆಯೋ ಎಂದೂ ಕೇಳಿರಿ.

ಎರಡನೆಯದು ಭಾಷೆಯ ಮಾತು. ಒಪ್ಪಿಗೆಪತ್ರವು ಮಲಯಾಳ, ತಮಿಳು, ಮರಾಠಿ, ತೆಲುಗು ಅಥವಾ ಇಂಗ್ಲಿಷಿನಲ್ಲಿ ಇರುತ್ತದೆ. ಹೈಸ್ಕೂಲಿನಲ್ಲಿ ಆ ಭಾಷೆ ಕಲಿಯುತ್ತಿರುವ ಮಗನೋ ಮಗಳೋ ಅದನ್ನು ಓದಿ ಅಜ್ಜನಿಗೆ ಅರ್ಥ ಹೇಳುವುದು ನಮ್ಮ ಮನೆಗಳಲ್ಲಿ ವಾಡಿಕೆ. ಈ ಹೊರೆಯನ್ನು ಮಕ್ಕಳ ಮೇಲೆ ಮಾತ್ರ ಹೊರಿಸಬಾರದು. ತನಗೆ ತಿಳಿಯುವ ಭಾಷೆಯಲ್ಲಿ ವಿವರಣೆ ಪಡೆದ ಬಳಿಕವೇ ಸಹಿ ಹಾಕುವುದು ರೋಗಿಯ ಹಕ್ಕು. ಕನ್ನಡ ಬಲ್ಲ ದಾದಿ ಅಥವಾ ಸಿಬ್ಬಂದಿಯನ್ನು ಕೇಳಿರಿ. ತುಟಿಯ ಎಷ್ಟು ಭಾಗ ಹೋಗುತ್ತದೆ, ಯಾವ ವಿಧಾನದಿಂದ ಕಟ್ಟುತ್ತಾರೆ, ಒಂದೇ ಸಲಕ್ಕೆ ಮುಗಿಯುತ್ತದೆಯೇ, ಬಾಯಿ ಎಷ್ಟು ತೆರೆಯುತ್ತದೆ, ಊಟ ಯಾವಾಗ – ಈ ಐದು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿರಿ.

ಮೂರನೆಯದು ಮಾತಿನ ಅಭ್ಯಾಸ. ಹೊಲಿಗೆ ಮಾಗಿದ ಮೇಲೆ ವೈದ್ಯರ ಅನುಮತಿ ಪಡೆದು ತುಟಿ ಹಿಗ್ಗಿಸುವ, ಮುಚ್ಚುವ, ಊದುವ ವ್ಯಾಯಾಮಗಳನ್ನು ದಿನವೂ ಮಾಡಬೇಕು. ವಾಕ್ ಚಿಕಿತ್ಸಕರು ಅನ್ಯಭಾಷಿಕರಾಗಿದ್ದರೆ ಅಭ್ಯಾಸದ ಪದಗಳನ್ನು ಮನೆಯವರೇ ಕನ್ನಡದಲ್ಲಿ ಒದಗಿಸಬಹುದು. ಇಲ್ಲಿ ಮಕ್ಕಳು ನಿಜವಾಗಿಯೂ ನೆರವಾಗಬಲ್ಲರು. ಕನ್ನಡ ಪಾಠಪುಸ್ತಕದಿಂದ ಪವರ್ಗದ ಪದಗಳನ್ನು ಆಯ್ದು, ಅಜ್ಜನೊಡನೆ ಕುಳಿತು ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದಲಿ. ಮೊದಮೊದಲು ಪಕಾರ ಸೋರಿಹೋಗಬಹುದು. ಅದನ್ನು ನೋಡಿ ನಗಬಾರದೆಂದು ಮಕ್ಕಳಿಗೆ ಮುಂಚಿತವಾಗಿ ತಿಳಿಸಿರಿ.

ನಮ್ಮ ಶಾಲೆಗಳ ಪಾಲಕರ ಸಭೆಗಳಲ್ಲಿ ಈ ವಿಷಯ ಒಮ್ಮೆಯಾದರೂ ಚರ್ಚೆಗೆ ಬರಲಿ ಎಂಬುದು ನಮ್ಮ ಕೋರಿಕೆ. ಮನೆಯ ಹಿರಿಯರ ತುಟಿಯಲ್ಲಿ ಮಾಯದ ಹುಣ್ಣು ಕಂಡರೆ ಮೂರು ವಾರಕ್ಕಿಂತ ಹೆಚ್ಚು ಕಾಯಬೇಡಿರಿ.