ಹೆಪ್ಪು

ಹೆಪ್ಪು ಎಂದರೆ ಹಾಲನ್ನು ಮೊಸರಾಗಿಸಲು ಅದಕ್ಕೆ ಬೆರೆಸುವ ಸ್ವಲ್ಪ ಪ್ರಮಾಣದ ಹಳೆಯ ಮೊಸರು ಅಥವಾ ಮಜ್ಜಿಗೆ. ಈ ಕ್ರಿಯೆಗೆ ಹೆಪ್ಪು ಹಾಕುವುದು ಎಂದೂ, ಹಾಲು ಗಟ್ಟಿಯಾಗುವುದಕ್ಕೆ ಹೆಪ್ಪುಗಟ್ಟುವುದು ಎಂದೂ ಹೆಸರು. ರಕ್ತ ಗಟ್ಟಿಯಾಗುವುದನ್ನೂ ಕನ್ನಡದಲ್ಲಿ ಇದೇ ಮಾತಿನಿಂದ ಸೂಚಿಸುತ್ತಾರೆ. ಹೆಪ್ಪು ಹುದುಗುವಿಕೆಯನ್ನು ಆರಂಭಿಸುವ ಸೂಕ್ಷ್ಮಜೀವಿಗಳ ಸಮೂಹ. ಒಂದೇ ಹಾಲಿಗೆ ಎರಡು ಮನೆಗಳ ಹೆಪ್ಪನ್ನು ಬೇರೆ ಬೇರೆಯಾಗಿ ಹಾಕಿದರೆ ರುಚಿ, ಗಟ್ಟಿತನ ಮತ್ತು ವಾಸನೆಯಲ್ಲಿ ಭಿನ್ನವಾದ ಮೊಸರು ದೊರೆಯಬಹುದು.

ಕಾರ್ಯವಿಧಾನ

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇರುತ್ತದೆ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಗಳು ಇದನ್ನು ಲ್ಯಾಕ್ಟಿಕ್ ಆಮ್ಲವಾಗಿ ಪರಿವರ್ತಿಸುತ್ತವೆ. ತಾಜಾ ಹಾಲಿನ ಪಿಎಚ್ ಮೌಲ್ಯ ಸುಮಾರು 6.6 ಇರುತ್ತದೆ. ಆಮ್ಲ ಹೆಚ್ಚಿದಂತೆ ಅದು ಇಳಿಯುತ್ತಾ 4.6ರ ಸಮೀಪಕ್ಕೆ ಬಂದಾಗ ಕೇಸಿನ್ ಎಂಬ ಪ್ರೋಟೀನು ಒಂದಕ್ಕೊಂದು ಕೂಡಿಕೊಂಡು ಬಲೆಯಂತೆ ಹೆಣೆದುಕೊಳ್ಳುತ್ತದೆ. ನೀರು ಮತ್ತು ಕೊಬ್ಬು ಈ ಬಲೆಯೊಳಗೆ ಸೆರೆಯಾಗುವುದರಿಂದ ಮೊಸರು ಗಟ್ಟಿಯಾಗಿ ನಿಲ್ಲುತ್ತದೆ.

ಹಾಲು ಹುಳಿಯುವುದಕ್ಕೆ ಸೂಕ್ಷ್ಮಜೀವಿಗಳೇ ಕಾರಣವೆಂದು ಲೂಯಿ ಪಾಶ್ಚರ್ 1857ರಲ್ಲಿ ಪ್ರತಿಪಾದಿಸಿದನು. ಜೋಸೆಫ್ ಲಿಸ್ಟರ್ 1870ರ ದಶಕದಲ್ಲಿ ಹುಳಿತ ಹಾಲಿನಿಂದ ಒಂದೇ ಬಗೆಯ ಬ್ಯಾಕ್ಟೀರಿಯವನ್ನು ಪ್ರತ್ಯೇಕಿಸಿದನು. ಅದಕ್ಕೆ ಇಂದು ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್ ಎಂಬ ಹೆಸರಿದೆ. 1905ರಲ್ಲಿ ಬಲ್ಗೇರಿಯದ ಸ್ಟಾಮೆನ್ ಗ್ರಿಗೊರೊವ್ ತನ್ನ ನಾಡಿನ ಮೊಸರಿನಲ್ಲಿ ಲ್ಯಾಕ್ಟೋಬ್ಯಾಸಿಲಸ್ ಬಲ್ಗೇರಿಕಸ್ ಅನ್ನು ಗುರುತಿಸಿದನು.

ಗುಣಮಟ್ಟವನ್ನು ನಿರ್ಧರಿಸುವ ಅಂಶಗಳು

ಜೀವಿಗಳ ಬಗೆ: ಲ್ಯಾಕ್ಟೋಕಾಕಸ್ ಜಾತಿಯವು ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಬೆಳೆಯುತ್ತವೆ. ಇವುಗಳಲ್ಲಿ ಕೆಲವು ಡೈಅಸಿಟೈಲ್ ಎಂಬ ವಸ್ತುವನ್ನು ಉತ್ಪಾದಿಸಿ ಬೆಣ್ಣೆಯ ಪರಿಮಳ ಕೊಡುತ್ತವೆ. ಬಲ್ಗೇರಿಕಸ್ ಮತ್ತು ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್‌ಗಳಿಗೆ 40 ಡಿಗ್ರಿಗಿಂತ ಹೆಚ್ಚಿನ ಶಾಖ ಒಗ್ಗುತ್ತದೆ; ಇವು ಪರಸ್ಪರ ನೆರವಾಗುತ್ತಾ ಬೆಳೆದು ಹುಳಿಯನ್ನು ಬೇಗ ತರುತ್ತವೆ.

ಪ್ರಮಾಣ: ಒಂದು ಲೀಟರ್ ಹಾಲಿಗೆ ಒಂದೆರಡು ಚಮಚ ಹೆಪ್ಪು ಸಾಕು. ಹೆಚ್ಚಾದರೆ ಮೊಸರು ಬೇಗ ಹುಳಿಯಾಗಿ, ಮೇಲೆ ತಿಳಿನೀರು ನಿಲ್ಲುತ್ತದೆ.

ಶಾಖ: ಕಾಯಿಸಿದ ಹಾಲು ಉಗುರುಬೆಚ್ಚಗಾದ ಮೇಲೆ ಹೆಪ್ಪು ಹಾಕಬೇಕು. ಸುಡುವ ಹಾಲಿನಲ್ಲಿ ಜೀವಿಗಳು ಸಾಯುತ್ತವೆ. ತಣ್ಣನೆಯ ಹಾಲಿನಲ್ಲಿ ಬೆಳವಣಿಗೆ ನಿಧಾನವಾಗುತ್ತದೆ. ಆದುದರಿಂದಲೇ ಚಳಿಗಾಲದಲ್ಲಿ ಪಾತ್ರೆಗೆ ಬಟ್ಟೆ ಸುತ್ತಿ ಒಲೆಯ ಬಳಿ ಇಡುವ ರೂಢಿ ಇದೆ.

ಪಾತ್ರೆ: ಮಣ್ಣಿನ ಗಡಿಗೆಯ ಸೂಕ್ಷ್ಮರಂಧ್ರಗಳು ಸ್ವಲ್ಪ ನೀರನ್ನು ಹೀರುವುದರಿಂದ ಮೊಸರು ಗಟ್ಟಿಯಾಗುತ್ತದೆ.

ಹೆಪ್ಪು ಕೆಡಲು ಕಾರಣಗಳು

ಮೊಸರು ನೂಲಿನಂತೆ ಎಳೆ ಬಂದರೆ ಅದನ್ನು ಲೋಳೆ ಮೊಸರು ಎನ್ನುತ್ತಾರೆ. ಕೆಲವು ಬ್ಯಾಕ್ಟೀರಿಯಗಳು ಉತ್ಪಾದಿಸುವ ಅಂಟಾದ ಶರ್ಕರ ಪದಾರ್ಥವೇ ಇದಕ್ಕೆ ಕಾರಣ. ಅದೇ ಮೊಸರನ್ನು ಮತ್ತೆ ಹೆಪ್ಪಾಗಿ ಬಳಸಿದರೆ ಲೋಳೆ ಮುಂದುವರಿಯುವ ಸಂಭವ ಹೆಚ್ಚು. ಬೇರೆ ಮನೆಯಿಂದ ಹೊಸ ಹೆಪ್ಪು ತರುವುದೇ ಪರಿಹಾರ. ಬೂಷ್ಟು ಹಿಡಿದ ಅಥವಾ ದುರ್ವಾಸನೆಯ ಮೊಸರನ್ನು ಹೆಪ್ಪಾಗಿ ಬಳಸಬಾರದು. ಕೆಚ್ಚಲು ಬಾವಿಗೆ ಜೀವಿನಿರೋಧಕ ಔಷಧ ಕೊಟ್ಟ ಆಕಳು ಅಥವಾ ಎಮ್ಮೆಯ ಹಾಲಿನಲ್ಲಿ ಆ ಔಷಧದ ಅಂಶ ಉಳಿದಿದ್ದರೆ ಉತ್ತಮ ಹೆಪ್ಪು ಹಾಕಿದರೂ ಹಾಲು ಹೆಪ್ಪುಗಟ್ಟದಿರಬಹುದು. ಔಷಧ ಕೊಟ್ಟ ಬಳಿಕ ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಬಳಸಬಾರದೆಂಬ ನಿಯಮ ಮುಖ್ಯವಾಗಿ ಗ್ರಾಹಕರ ಆರೋಗ್ಯ ರಕ್ಷಣೆಗಾಗಿ ಇದೆ.

ಕರ್ನಾಟಕದಲ್ಲಿ

ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ, ಮೊಸರಿನ ತಿಳಿನೀರು ಮತ್ತು ಮಸಾಲೆಗಳನ್ನು ಬೆರೆಸುವ ಅಡುಗೆಯ ವಿವರಣೆಯಿದೆ. ಇಂದಿನ ಇಡ್ಲಿಯ ಹಿಟ್ಟಿಗೆ ಹೊರಗಿನ ಹೆಪ್ಪು ಬೇಕಿಲ್ಲ. ಉದ್ದು ಮತ್ತು ಅಕ್ಕಿಯೊಡನೆ ಬಂದ ಲ್ಯೂಕೊನೊಸ್ಟಾಕ್ ಮೊದಲಾದ ಜೀವಿಗಳೇ ಹಿಟ್ಟನ್ನು ಉಬ್ಬಿಸುತ್ತವೆ. ಕರಾವಳಿಯ ಸಣ್ಣಗಳಿಗೆ ಸಾಂಪ್ರದಾಯಿಕವಾಗಿ ತೆಂಗಿನ ಕಳ್ಳನ್ನು ಬೆರೆಸುತ್ತಾರೆ. ಕಳ್ಳಿನ ಯೀಸ್ಟ್ ಅಲ್ಲಿ ಹೆಪ್ಪಿನ ಕೆಲಸ ಮಾಡುತ್ತದೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದಲ್ಲಿ ರೊಟ್ಟಿಗೂ ಅನ್ನಕ್ಕೂ ಮೊಸರು, ಮಜ್ಜಿಗೆ ಒದಗುತ್ತವೆ. ಚಿಕ್ಕೇರೂರಿನಂಥ ಊರುಗಳಲ್ಲಿ ಮನೆಯ ಹೆಪ್ಪು ತೀರಿದಾಗ ನೆರೆಮನೆಯಿಂದ ಕೇಳಿ ತರುವುದು ರೂಢಿ. ಸಂಜೆ ದೀಪ ಹಚ್ಚಿದ ಮೇಲೆ ಹಾಲು, ಹೆಪ್ಪು ಕೊಡಬಾರದೆಂಬ ನಂಬಿಕೆ ಹಲವರಲ್ಲಿದೆ. ಹೆಪ್ಪು ಎಲ್ಲಿಯೂ ದೊರೆಯದಿದ್ದರೆ ಮೆಣಸಿನಕಾಯಿಯನ್ನು ತೊಟ್ಟಿನ ಸಮೇತ ಬೆಚ್ಚನೆಯ ಹಾಲಿಗೆ ಹಾಕುವುದುಂಟು. ತೊಟ್ಟಿನ ಮೇಲಿರುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಗಳಿಂದ ಹಾಲು ಹೆಪ್ಪುಗಟ್ಟಬಹುದು. ಮೊದಲ ಸಲದ ಮೊಸರು ಅಷ್ಟು ಚೆನ್ನಾಗಿರುವುದಿಲ್ಲ; ಅದನ್ನೇ ಹೆಪ್ಪಾಗಿಸಿ ಎರಡು ಮೂರು ಸಲ ಹಾಕಿದಾಗ ಮೊಸರು ಸುಧಾರಿಸುತ್ತದೆ.

ಚೀನಾದ ಹುದುಗಿನೊಡನೆ ಹೋಲಿಕೆ

ಚೀನಾದ ಅಕ್ಕಿ ಮದ್ಯಕ್ಕೆ ಬಳಸುವ ಹುದುಗಿಗೆ 'ಚ್ಯೂ' ಎಂದು ಹೆಸರು. ಆರನೆಯ ಶತಮಾನದಲ್ಲಿ ಜ್ಯಾ ಸಿಶಿಯೆ ರಚಿಸಿದ ಕೃಷಿಗ್ರಂಥದಲ್ಲಿಯೇ ಇದನ್ನು ತಯಾರಿಸುವ ವಿಧಾನಗಳಿವೆ. ಹಾಲಿನಲ್ಲಿ ಸಕ್ಕರೆ ಸಿದ್ಧವಾಗಿರುತ್ತದೆ, ಅಕ್ಕಿಯಲ್ಲಿರುವುದು ಪಿಷ್ಟ. ಆದುದರಿಂದ ಚ್ಯೂವಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಆಸ್ಪರ್ಜಿಲಸ್, ರೈಜೋಪಸ್ ಎಂಬ ಬೂಷ್ಟುಗಳೂ, ಸಕ್ಕರೆಯನ್ನು ಮದ್ಯಸಾರವಾಗಿಸುವ ಯೀಸ್ಟ್‌ಗಳೂ ಒಟ್ಟಿಗಿರುತ್ತವೆ. ಶಾವ್‌ಶಿಂಗ್ ನಗರದ ಪ್ರಸಿದ್ಧ ಮದ್ಯಕ್ಕೆ ಗೋಧಿಯ ಚ್ಯೂ ಮುಖ್ಯವಾದುದು. ಸಿಕ್ಕಿಂನ ಮರ್ಚಾ ಮತ್ತು ಮಣಿಪುರದ ಹಮೇಯ್ ಇದೇ ಬಗೆಯವು. ಇವುಗಳನ್ನು ಒಣಗಿಸಿ ಬಹುಕಾಲ ಇಡಬಹುದು; ಮೊಸರಿನ ಹೆಪ್ಪನ್ನು ಮಾತ್ರ ಆಗಾಗ ಹೊಸ ಹಾಲಿಗೆ ಹಾಕುತ್ತಾ ಜೀವಂತವಾಗಿ ಉಳಿಸಿಕೊಳ್ಳಬೇಕು.

ಇಂದಿನ ಬಳಕೆ

ಡೈರಿಗಳು ಆಯ್ದ ಬ್ಯಾಕ್ಟೀರಿಯಗಳ ಶುದ್ಧ ಹೆಪ್ಪನ್ನು ಬಳಸುವುದರಿಂದ ಪ್ರತಿದಿನವೂ ಒಂದೇ ರುಚಿಯ ಮೊಸರು ದೊರೆಯುತ್ತದೆ. ಮನೆಯ ಹೆಪ್ಪಿನಲ್ಲಿ ಹಲವು ಬಗೆಯ ಜೀವಿಗಳು ಬೆರೆತಿರುವುದರಿಂದ ಋತು, ಮೇವು ಮತ್ತು ಪಾತ್ರೆಗೆ ತಕ್ಕಂತೆ ರುಚಿ ಬದಲಾಗುತ್ತದೆ. ಪೊಟ್ಟಣದ ಮೊಸರನ್ನೇ ಕೊಳ್ಳುವ ಮನೆಗಳಲ್ಲಿ ಹೆಪ್ಪು ಉಳಿಸಿಕೊಳ್ಳುವ ರೂಢಿ ನಿಂತುಹೋಗುತ್ತದೆ. ಹಾಗೆ ಒಮ್ಮೆ ತಪ್ಪಿಹೋದ ಮನೆಯ ಹೆಪ್ಪಿನಲ್ಲಿದ್ದ ಜೀವಿಗಳ ಅದೇ ಮಿಶ್ರಣವನ್ನು ಮತ್ತೆ ಪಡೆಯುವುದು ಕಷ್ಟ.