ಎರಡು ಇಂಚಿನ ತುಂಡು

ಡಿಗ್ರಿ ಮುಗಿಸಿ, ಅರ್ಜಿ ಹಾಕುತ್ತ ಮನೆಯಲ್ಲಿ ಕೂತಿದ್ದ ನನ್ನನ್ನು ಅಪ್ಪ ಜಮಖಂಡಿಯ ಬಡಿಗತನದ ಅಂಗಡಿಯೊಂದಕ್ಕೆ ಸೇರಿಸಿದರು. ಚೌಕಟ್ಟು, ಬಾಗಿಲು, ಜೊತೆಗೆ ಬನಹಟ್ಟಿ ಕಡೆಯಿಂದ ಮಗ್ಗದ ಕಟ್ಟಿಗೆಯ ರಿಪೇರಿ ಕೆಲಸ. ಅಲ್ಲಿ ಸ್ಲೈಡಿಂಗ್ ಮೈಟರ್ ಸಾ ಇತ್ತು. ಅಡ್ಡ, ಓರೆ ಎರಡೂ ಕೊಯ್ಯುವ ಕರೆಂಟಿನ ಗರಗಸ. ತಲೆ ಹಿಂದೆ ಮುಂದೆ ಸರಿಯುವುದರಿಂದ ಅಗಲ ಹಲಗೆಯೂ ಒಂದೇ ಸಲಕ್ಕೆ ತುಂಡಾಗುತ್ತದೆ.

ಮೂರನೇ ವಾರ, ಮುಧೋಳದ ಮನೆಯೊಂದಕ್ಕೆ ಬೀಡಿಂಗ್ ಪಟ್ಟಿ ಕೊಯ್ಯುತ್ತಿದ್ದೆ. ಕೊನೆಗೆ ಎರಡು ಇಂಚಿನ ತುಂಡೊಂದು ಬೇಕಾಯಿತು. ಕ್ಲ್ಯಾಂಪ್ ಹಾಕಲು ಬೇಸರ. ಕೈಯಿಂದಲೇ ಒತ್ತಿ ಹಿಡಿದು, ಗರಗಸದ ತಲೆಯನ್ನು ನನ್ನ ಕಡೆ ಎಳೆಯುತ್ತಲೇ ಕೊಯ್ದೆ. ಬ್ಲೇಡ್ ಪಟ್ಟಿಯ ಮೇಲೆ ಹತ್ತಿ ನನ್ನತ್ತ ಜಿಗಿಯಿತು. ತುಂಡು ಹಾರಿ ತಗಡಿಗೆ ಬಡಿಯಿತು. ಎಡ ಹೆಬ್ಬೆರಳಿಗೆ ಮೂರು ಹೊಲಿಗೆ ಬಿದ್ದವು.

"ಮಷಿನ್‌ಗೆ ಕಟಗಿ ಯಾವ್ದು, ಬೆರಳ ಯಾವ್ದು ಗೊತ್ತಾಗಂಗಿಲ್ಲ ತಮ್ಮಾ" ಎಂದರು ಮಿಸ್ತ್ರಿ ಕಾಕಾ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತಪ್ಪು ಎಲ್ಲಿತ್ತೆಂದು ಆಮೇಲೆ ತೋರಿಸಿದರು. ಬ್ಲೇಡಿನ ಕೆಳಭಾಗದ ಹಲ್ಲುಗಳು ನಮ್ಮಿಂದ ಆಚೆ, ಹಿಂದಿನ ಆಸರೆ ಪಟ್ಟಿಯ ಕಡೆಗೆ ಓಡುತ್ತವೆ. ಎಳೆಯುತ್ತ ಕೊಯ್ದರೆ ಅದು ಬೈಕಿನ ಚಕ್ರದಂತೆ ಕಟ್ಟಿಗೆಯ ಮೇಲೆ ಉರುಳಿ ನಮ್ಮ ಮೈಮೇಲೆಯೇ ಬರುತ್ತದೆ. ಆದ್ದರಿಂದ ಮೊದಲು ತಲೆಯನ್ನು ಪೂರ್ತಿ ಮುಂದಕ್ಕೆ ಎಳೆದುಕೊಳ್ಳಬೇಕು, ಸ್ವಿಚ್ ಒತ್ತಿ ವೇಗ ಬಂದ ಮೇಲೆ ಕೆಳಗಿಳಿಸಬೇಕು, ಆಮೇಲೆ ಹಿಂದಕ್ಕೆ ತಳ್ಳುತ್ತ ಕೊಯ್ಯಬೇಕು. ಕೊಯ್ದಾದ ಮೇಲೆ ಸ್ವಿಚ್ ಬಿಟ್ಟು, ಬ್ಲೇಡ್ ನಿಂತ ನಂತರವೇ ತಲೆ ಎತ್ತುವುದು. ತಿರುಗುತ್ತಿರುವಾಗ ಎತ್ತಿದರೆ ಸಣ್ಣ ತುಂಡು ಹಲ್ಲಿಗೆ ಸಿಕ್ಕು ಹಾರುತ್ತದೆ. ಕೈ ಬ್ಲೇಡಿನಿಂದ 6 ಇಂಚಾದರೂ ದೂರ ಇರಬೇಕು. ಅಷ್ಟು ಜಾಗವಿಲ್ಲದಿದ್ದರೆ ಕ್ಲ್ಯಾಂಪ್, ಇಲ್ಲವೇ ಉದ್ದ ಪಟ್ಟಿಯಿಂದಲೇ ಕೊಯ್ದುಕೊಳ್ಳುವುದು. ಕೈಗವಸು ಬೇಡ, ಹಲ್ಲಿಗೆ ಸಿಕ್ಕರೆ ಕೈಯನ್ನೇ ಎಳೆಯುತ್ತದೆ. ಕನ್ನಡಕ ಬೇಕೇ ಬೇಕು.

ಓರೆ ಕೊಯ್ತದ ಲೆಕ್ಕ ನನಗೆ ಹಿಡಿಸಿತು. 180ನ್ನು ಮೂಲೆಗಳ ಸಂಖ್ಯೆಯಿಂದ ಭಾಗಿಸಿದರೆ ಮುಗಿಯಿತು: ಫೋಟೊ ಫ್ರೇಮಿಗೆ 45, ಆರು ಮೂಲೆಯ ಗಡಿಯಾರಕ್ಕೆ 30, ಎಂಟಕ್ಕೆ 22.5 ಡಿಗ್ರಿ. ಆದರೆ ಹಳೆಯ ಮನೆಗಳ ಗೋಡೆ ಗುಣ್ಯಾಕ್ಕೆ ಕೂಡುವುದೇ ಅಪರೂಪ. ಮೂಲೆ 92 ಡಿಗ್ರಿ ಇದ್ದರೆ, 180ರಲ್ಲಿ ಅದನ್ನು ಕಳೆದು ಅರ್ಧ ಮಾಡಿದರೆ 44. ಬ್ಲೇಡನ್ನೇ ವಾಲಿಸಿ ಕೊಯ್ಯುವಾಗ ಮೇಲಿನ ಆಸರೆಯನ್ನು ಪಕ್ಕಕ್ಕೆ ಸರಿಸಿ, ಮಷಿನ್ ಬಂದ್ ಇರುವಾಗಲೇ ಒಮ್ಮೆ ತಲೆ ಇಳಿಸಿ ಎಲ್ಲಿಯೂ ತಾಗುವುದಿಲ್ಲ ಎಂದು ನೋಡಿಕೊಳ್ಳುತ್ತೇನೆ.

ಮಗ್ಗದ ಕಟ್ಟಿಗೆಗೆ ಕಚ್ಚು ಹಾಕುವಾಗ ಆಳ ನಿಲ್ಲಿಸುವ ಸ್ಕ್ರೂ ಬಿಗಿಯುತ್ತೇವೆ. ಬ್ಲೇಡ್ ದುಂಡಗಿರುವುದರಿಂದ ಹಿಂದಿನ ತುದಿಯಲ್ಲಿ ಕಚ್ಚು ಪೂರ್ತಿ ಆಳಕ್ಕೆ ಇಳಿಯುವುದಿಲ್ಲ. ಆಸರೆಗೂ ಕಟ್ಟಿಗೆಗೂ ನಡುವೆ ಒಂದು ನೇರ ಪಟ್ಟಿ ಇಟ್ಟರೆ ಸರಿಹೋಗುತ್ತದೆ.

ಬೀಳಗಿ ಕಡೆಯ ಕೆಲಸಕ್ಕೆ ಮಾತ್ರ ಕಾಕಾ ಅಯಸ್ಕಾಂತ ಹಿಡಿದೇ ಕೂರುತ್ತಾರೆ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಮನೆಗಳಿಂದ ಬಿಚ್ಚಿ ತಂದ ತೊಲೆ, ಚೌಕಟ್ಟುಗಳು ಇನ್ನೂ ಬರುತ್ತವೆ. ಒಳಗೆ ಮೊಳೆ ಇದ್ದರೆ ಬ್ಲೇಡಿನ ಹಲ್ಲು ಮುರಿದು ಸಿಡಿಯುತ್ತದೆ.

ಅರ್ಜಿ ಹಾಕುವುದನ್ನು ನಾನು ಬಿಟ್ಟಿಲ್ಲ. ಹೋದ ತಿಂಗಳು ಪರೀಕ್ಷಾ ಕೇಂದ್ರದಲ್ಲಿ ಎಡ ಹೆಬ್ಬೆರಳ ಗುರುತು ಒತ್ತಿಸಿಕೊಂಡರು. ನಡುವೆ ಬಿಳಿ ಗೆರೆಯೊಂದು ಅಡ್ಡ ಮೂಡಿತು. ಇದೇನು ಎಂದು ಮೇಡಂ ಕೇಳಿದರು. "ಎರಡು ಇಂಚಿನ ತುಂಡು ಮೇಡಂ" ಎಂದೆ. ಅವರಿಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಒತ್ತಿಸಿಕೊಂಡರು.