ಉಬ್ಬಸ: ಕೊಳವೆಯೊಳಗಿನ ಬಾವು

ನಾವು ಮೂಗಿನಿಂದ ಗಾಳಿ ಎಳೆದುಕೊಳ್ಳುತ್ತೇವೆ. ಆ ಗಾಳಿ ಎಲ್ಲಿಗೆ ಹೋಗುತ್ತದೆ? ಗಂಟಲು ದಾಟಿ ಒಂದು ದೊಡ್ಡ ಕೊಳವೆಗೆ ಇಳಿಯುತ್ತದೆ. ಎದೆಯೊಳಗೆ ಆ ಕೊಳವೆ ಎರಡು ಕವಲಾಗುತ್ತದೆ. ಕವಲಿಗೆ ಕವಲು ಒಡೆಯುತ್ತಾ ಹೋಗುತ್ತದೆ. ಬೇವಿನ ಮರವನ್ನು ತಲೆಕೆಳಗು ಮಾಡಿ ನಿಲ್ಲಿಸಿದಂತೆ ಅಂದುಕೊಳ್ಳಿ. ತುದಿಯ ಕೊಳವೆಗಳು ಒಂದು ಮಿಲಿಮೀಟರಿಗಿಂತ ಸಣ್ಣವು.

ಉಬ್ಬಸ ಬಂದಾಗ ಏನಾಗುತ್ತದೆ?

ಉಬ್ಬಸಕ್ಕೆ ಗೂರಲು, ದಮ್ಮು, ಆಸ್ತಮಾ ಅಂತಲೂ ಹೇಳುತ್ತೇವೆ. ಆಗ ಕೊಳವೆಯಲ್ಲಿ ಮೂರು ಕೆಲಸ ನಡೆಯುತ್ತವೆ. ಒಂದು, ಕೊಳವೆಯ ಒಳಗೋಡೆ ಊದಿಕೊಳ್ಳುತ್ತದೆ. ಎರಡು, ಅಂಟು ಕಫ ತುಂಬುತ್ತದೆ. ಮೂರು, ಕೊಳವೆಯ ಸುತ್ತಲಿನ ಸ್ನಾಯು ಬಿಗಿಯುತ್ತದೆ. ದಾರಿ ಕಿರಿದಾಗುತ್ತದೆ. ಗಾಳಿ ನುಗ್ಗುವಾಗ ಸುಂಯ್ ಅಂತ ಸದ್ದು ಬರುತ್ತದೆ.

ಬಹಳ ವರ್ಷ ವೈದ್ಯರ ಗಮನವೆಲ್ಲ ಸ್ನಾಯು ಬಿಗಿಯುವುದರ ಮೇಲೆಯೇ ಇತ್ತು. ಅದನ್ನು ಸಡಿಲಿಸುವ ಔಷಧಿ ಕೊಡುತ್ತಿದ್ದರು. 1956ರಲ್ಲಿ ಅಮೆರಿಕದಲ್ಲಿ ಕೈಯಲ್ಲಿ ಹಿಡಿಯುವ ಪಂಪ್ ಮಾರಾಟಕ್ಕೆ ಬಂತು. ಪಂಪ್ ಒತ್ತಿದರೆ ಉಸಿರು ಹಗುರಾಗುತ್ತಿತ್ತು. ಆದರೆ ಕಾಯಿಲೆ ಮತ್ತೆ ಮತ್ತೆ ಬರುತ್ತಿತ್ತು. ಯಾಕೆ?

1985ರಲ್ಲಿ ಫಿನ್ಲೆಂಡ್ ದೇಶದ ವೈದ್ಯ ಲೈಟಿನೆನ್ ಮತ್ತು ಅವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಅವರು ಆಸ್ತಮಾ ಇದ್ದವರ ಎದೆಯೊಳಕ್ಕೆ ನಳಿಕೆ ಇಳಿಸಿದರು. ಕೊಳವೆಯ ಒಳಗೋಡೆಯಿಂದ ಚಿಕ್ಕ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಳಪದರ ಹಾಳಾಗಿತ್ತು. ಕಾಯಿಲೆ ಕಡಿಮೆ ಇದ್ದವರಲ್ಲೂ ಹಾಗೆಯೇ ಇತ್ತು. ಮುಂದಿನ ಅಧ್ಯಯನಗಳು ಇದನ್ನು ಇನ್ನೂ ಸ್ಪಷ್ಟಪಡಿಸಿದವು. ಉಸಿರು ಚೆನ್ನಾಗಿರುವ ದಿನವೂ ಒಳಗೆ ಬಾವು ಇರುತ್ತದೆ. ಬೂದಿ ಮುಚ್ಚಿದ ಕೆಂಡದ ಹಾಗೆ. ಪುಸ್ತಕದಲ್ಲಿ ಇದನ್ನು ಉರಿಯೂತ ಅಂತ ಬರೆಯುತ್ತಾರೆ.

ಪಂಪ್ ಚಟವೇ?

‘ಪಂಪ್ ಹಿಡಿದರೆ ಚಟ ಆಗುತ್ತೆ’ ಅಂತ ಹಲವರು ಹೇಳ್ತಾರೆ. ಇದು ನಿಜವಲ್ಲ. ಪಂಪಿನಲ್ಲಿ ಎರಡು ಬಗೆಯ ಔಷಧಿ ಇರುತ್ತದೆ. ಒಂದು, ಬಿಗಿದ ಸ್ನಾಯುವನ್ನು ಆ ಗಳಿಗೆಗೆ ಸಡಿಲಿಸುವುದು. ಇನ್ನೊಂದು, ಬಾವು ಇಳಿಸುವ ಸ್ಟೀರಾಯ್ಡ್. ಇದು 1972ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬಳಕೆಗೆ ಬಂತು. ಗುಳಿಗೆ ಹೊಟ್ಟೆಗೆ ಹೋಗಿ ಮೈಗೆಲ್ಲ ಹರಡುತ್ತದೆ. ಪಂಪಿನ ಔಷಧಿ ನೇರ ಕೊಳವೆಗೇ ಹೋಗುತ್ತದೆ. ಹಾಗಾಗಿ ತುಂಬಾ ಸ್ವಲ್ಪ ಸಾಕು.

2000ದಲ್ಲಿ ಕೆನಡಾ ದೇಶದ ಅಧ್ಯಯನವೊಂದು ಪ್ರಕಟವಾಯಿತು. ಬಾವು ಇಳಿಸುವ ಪಂಪನ್ನು ತಪ್ಪದೆ ಬಳಸಿದವರಲ್ಲಿ ಆಸ್ತಮಾದಿಂದ ಸಾಯುವವರು ಕಡಿಮೆ ಅಂತ ಅದು ತೋರಿಸಿತು. ಬರೀ ಸಡಿಲಿಸುವ ಪಂಪನ್ನೇ ನೆಚ್ಚಿಕೊಳ್ಳಬೇಡಿ ಅಂತ 2019ರಲ್ಲಿ ಆಸ್ತಮಾ ತಜ್ಞರ ಜಾಗತಿಕ ಕೂಟವೂ ಸಲಹೆ ಕೊಟ್ಟಿತು. ‘ಇವತ್ತು ಆರಾಮಾಗಿದ್ದೀನಿ’ ಅಂತ ಪಂಪ್ ಬಿಟ್ಟರೆ ಕೆಂಡ ಮತ್ತೆ ಹೊತ್ತಿಕೊಳ್ಳಬಹುದು.

ಹೊಗೆ ಮಾಡುವ ಬಾವು

ಬೀಡಿ, ಸಿಗರೇಟು, ಒಲೆಯ ಹೊಗೆಯೂ ಕೊಳವೆಯಲ್ಲಿ ಬಾವು ತರುತ್ತವೆ. ಇದಕ್ಕೆ ವೈದ್ಯರು ಸಿಒಪಿಡಿ ಅಂತ ಕರೆಯುತ್ತಾರೆ. ಆಸ್ತಮಾದ ಬಾವಿನಲ್ಲಿ ಹೆಚ್ಚಾಗಿ ಸೇರುವ ಬಿಳಿ ರಕ್ತಕಣಗಳೇ ಬೇರೆ, ಹೊಗೆಯ ಬಾವಿನಲ್ಲಿ ಸೇರುವವೇ ಬೇರೆ. ಅದಕ್ಕೇ ಸ್ಟೀರಾಯ್ಡ್ ಇಲ್ಲಿ ಅಷ್ಟು ಕೆಲಸ ಮಾಡುವುದಿಲ್ಲ. ಒಮ್ಮೆ ಹಾಳಾದ ಶ್ವಾಸಕೋಶ ಮೊದಲಿನಂತೆ ಆಗುವುದಿಲ್ಲ. ಆದರೆ ಹೊಗೆ ಬಿಟ್ಟರೆ ಹಾಳಾಗುವ ವೇಗ ತಗ್ಗುತ್ತದೆ. ಇಂಗ್ಲೆಂಡಿನ ಫ್ಲೆಚರ್ ಮತ್ತು ಪೀಟೋ ಇದನ್ನು 1977ರಲ್ಲಿ ತೋರಿಸಿಕೊಟ್ಟರು. ಬೀಡಿ ಬಿಡಲು ಯಾವ ವಯಸ್ಸೂ ತಡವಲ್ಲ.

ಬೀಡಿ ಮುಟ್ಟದ ಹೆಂಗಸರಿಗೂ ಯಾಕೆ ಕೆಮ್ಮು, ಕಫ? ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಕುರಿತು ವೈದ್ಯರು ಅಧ್ಯಯನ ಮಾಡಿದರು. ಅದು 2013ರಲ್ಲಿ ಪ್ರಕಟವಾಯಿತು. ಅವರ ಲೆಕ್ಕ ಸುಲಭ. ಸೌದೆ ಒಲೆಯ ಮುಂದೆ ದಿನಕ್ಕೆ ಎಷ್ಟು ಗಂಟೆ ಅಡುಗೆ? ಹೀಗೆ ಎಷ್ಟು ವರ್ಷ? ಎರಡನ್ನೂ ಗುಣಿಸಿ. ಉತ್ತರ 60 ಮುಟ್ಟಿದರೆ ವರ್ಷಗಟ್ಟಲೆ ಕಾಡುವ ಕೆಮ್ಮು ಕಫದ ಅಪಾಯ ಹೆಚ್ಚು ಅಂತ ಅವರು ಕಂಡರು.

ದಿನಕ್ಕೆ 4 ಗಂಟೆ, 15 ವರ್ಷ. 4 × 15 = 60. ಹದಿನೆಂಟಕ್ಕೆ ಒಲೆ ಹಿಡಿದವಳು ಮೂವತ್ತಮೂರಕ್ಕೇ ಅಲ್ಲಿಗೆ ಬಂದುಬಿಡುತ್ತಾಳೆ!

ನಾವು ಏನು ಮಾಡಬಹುದು?

ಗ್ಯಾಸ್ ಇದ್ದರೆ ಅದರಲ್ಲೇ ಅಡುಗೆ ಮಾಡೋಣ. ಸಿಲಿಂಡರ್ ತುಂಬಿಸಲು ಹಣವಿಲ್ಲದಾಗ ಹೊಗೆಗೊಳವೆ ಇರುವ ಒಲೆ ಬಳಸೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಅಸ್ತ್ರ ಒಲೆ ಇಂಥದ್ದು. ಕಿಟಕಿ ತೆಗೆದಿಡೋಣ. ಕೂಸನ್ನು ಒಲೆಯ ಬಳಿ ಕೂರಿಸುವುದು ಬೇಡ.

ಎರಡು ವಾರ ಮೀರಿದ ಕೆಮ್ಮಿಗೆ ಆಸ್ಪತ್ರೆಗೆ ಹೋಗೋಣ. ಅದು ಕ್ಷಯವೂ ಇರಬಹುದು. ಪಂಪ್ ಹಿಡಿಯುವ ರೀತಿಯನ್ನು ವೈದ್ಯರ ಎದುರಿಗೇ ಮಾಡಿ ತೋರಿಸಿ, ಸರಿಯೇ ಅಂತ ಕೇಳೋಣ. ಸ್ಟೀರಾಯ್ಡ್ ಪಂಪ್ ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳೋಣ. ವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸುವುದು ಬೇಡ. ಮಾತಾಡಲೂ ಆಗದಷ್ಟು ಏದುಸಿರು ಬಂದರೆ, ತುಟಿ ನೀಲಿಯಾದರೆ, ಕಾಯಬಾರದು. ಆ ಕೂಡಲೇ 108ಕ್ಕೆ ಫೋನ್ ಮಾಡಿ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ನಿಮ್ಮ ಮನೆಯಲ್ಲಿ ಒಲೆ ಊದುವವರು ಯಾರು? ದಿನಕ್ಕೆ ಎಷ್ಟು ಗಂಟೆ? ಎಷ್ಟು ವರ್ಷ? ಗುಣಿಸಿ ಬರೆಯಿರಿ. ಬಂದ ಉತ್ತರವನ್ನು ಮನೆಯವರಿಗೆಲ್ಲ ಓದಿ ಹೇಳಿ.